ಚಿಕಿತ್ಸೆಯಲ್ಲಿ ಮುಗಿದ ಮಾದಕ ವಸ್ತು ಪ್ರಕರಣವನ್ನು ಸರ್ಕಾರಿ ನೌಕರಿಯ ನಮೂನೆಯಲ್ಲಿ ತಿಳಿಸುವ ಬಗೆ

ಕಾಲೇಜಿನ ದಿನಗಳಲ್ಲಿ ಗಾಂಜಾ ಸೇದಿ ಸಿಕ್ಕಿಬಿದ್ದು, ವ್ಯಸನಮುಕ್ತಿ ಚಿಕಿತ್ಸೆ ಪಡೆದು, ಜೈಲಿನ ಮುಖ ನೋಡದೆ ಪ್ರಕರಣದಿಂದ ಹೊರಬಂದ ಯುವಕನೊಬ್ಬ ನಾಲ್ಕೈದು ವರ್ಷಗಳ ನಂತರ ಸರ್ಕಾರಿ ಹುದ್ದೆಗೆ ಆಯ್ಕೆಯಾಗುತ್ತಾನೆ ಎಂದುಕೊಳ್ಳೋಣ. ಪೂರ್ವಾಪರ ಪರಿಶೀಲನೆಯ ನಮೂನೆ ಅವನ ಕೈಗೆ ಬರುತ್ತದೆ. ಅದರಲ್ಲಿ 'ನಿಮ್ಮನ್ನು ಎಂದಾದರೂ ದಸ್ತಗಿರಿ ಮಾಡಲಾಗಿದೆಯೇ' ಎಂಬ ಪ್ರಶ್ನೆಯಿದೆ. 'ಕೇಸು ಯಾವಾಗಲೋ ಮುಗಿದಿದೆಯಲ್ಲ, ಇಲ್ಲ ಅಂತ ಬರೆದುಬಿಡು' ಎಂದು ಮನೆಯವರು ಹೇಳುತ್ತಾರೆ, ಮತ್ತು ಆ ಮಾತಿನಲ್ಲಿ ಕೆಡುಕಿನ ಉದ್ದೇಶ ಇರುವುದೂ ಇಲ್ಲ. ಆದರೆ ಅವನಿಗೆ ಅಪಾಯ ತರುವುದು ಹಳೆಯ ಪ್ರಕರಣಕ್ಕಿಂತ ಹೆಚ್ಚಾಗಿ ಆ ಒಂದು 'ಇಲ್ಲ'. ಚಿಕಿತ್ಸೆಯ ದಾರಿ ತೋರಿಸಿದ ಕಾನೂನು ಅವನನ್ನು ಶಿಕ್ಷೆಯಿಂದ ಪಾರು ಮಾಡಿತೇ ಹೊರತು, ದಸ್ತಗಿರಿಯಾಗಿತ್ತು ಎಂಬ ಸಂಗತಿಯನ್ನು ಅಳಿಸಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಅರ್ಥ ಮಾಡಿಕೊಂಡು, ಕೇಳಿದ್ದಕ್ಕೆ ಸರಿಯಾಗಿ, ಕೇಳಿದಷ್ಟಕ್ಕೇ ಉತ್ತರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನಿಮ್ಮ ಪ್ರಕರಣ ನಿಜವಾಗಿ ಹೇಗೆ ಮುಗಿಯಿತು

ನಮೂನೆಯನ್ನು ಮುಟ್ಟುವ ಮೊದಲು ತಿಳಿಯಬೇಕಾದದ್ದು ಇದು. 'ಮುಗಿಯಿತು' ಎಂಬ ಒಂದೇ ಮಾತಿನ ಹಿಂದೆ ಕಾನೂನಿನ ಕಣ್ಣಿಗೆ ಬೇರೆ ಬೇರೆಯಾದ ಹಲವು ಕೊನೆಗಳಿವೆ, ಮತ್ತು ಪ್ರತಿಯೊಂದಕ್ಕೂ ನಮೂನೆಯಲ್ಲಿ ಬರೆಯಬೇಕಾದ ಉತ್ತರ ಬೇರೆ.

ಮಾದಕ ವಸ್ತುಗಳ ಪ್ರಕರಣಗಳಿಗೆ ಅನ್ವಯಿಸುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಸೇವನೆಗೆ ಕಲಂ 27 ಅನ್ವಯವಾಗುತ್ತದೆ. ಹೆರಾಯಿನ್, ಕೊಕೇನ್, ಮಾರ್ಫಿನ್‌ನಂಥ ವಸ್ತುಗಳ ಸೇವನೆಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ 20,000 ರೂಪಾಯಿವರೆಗಿನ ದಂಡ ಅಥವಾ ಎರಡೂ, ಉಳಿದ ವಸ್ತುಗಳಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಎಂದು ಅದು ಹೇಳುತ್ತದೆ. ವಸ್ತುವನ್ನು ಇಟ್ಟುಕೊಂಡು ಸಿಕ್ಕಿದ್ದರೆ ಪ್ರಮಾಣ ಮುಖ್ಯವಾಗುತ್ತದೆ: ಗಾಂಜಾ 1 ಕಿಲೋ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂ, ಕೊಕೇನ್ 2 ಗ್ರಾಂ ವರೆಗೆ 'ಅಲ್ಪ ಪ್ರಮಾಣ' ಎನಿಸುತ್ತದೆ. ಚಿಕಿತ್ಸೆಯ ದಾರಿ ತೆರೆದಿರುವುದು ಸೇವನೆಯ ಮತ್ತು ಅಲ್ಪ ಪ್ರಮಾಣದ ಈ ಪ್ರಕರಣಗಳಿಗೆ ಮಾತ್ರ.

ಆ ದಾರಿಯಲ್ಲೂ ಎರಡು ಕವಲುಗಳಿವೆ, ಮತ್ತು ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಬಹಳಷ್ಟು ತಪ್ಪು ಉತ್ತರಗಳು ಹುಟ್ಟುತ್ತವೆ. ಮೊದಲನೆಯದು ಕಲಂ 64ಎ. ಆರೋಪಕ್ಕೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ, ಇಲ್ಲವೇ ಅವುಗಳ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಮುಂದಾಗಿ ಅದನ್ನು ಪಡೆದರೆ, ಅವನನ್ನು ಆ ಅಪರಾಧಕ್ಕಾಗಿ ಅಭಿಯೋಜನೆಗೆ, ಅಂದರೆ ನ್ಯಾಯಾಲಯದಲ್ಲಿ ಮೊಕದ್ದಮೆಗೆ, ಒಳಪಡಿಸುವಂತಿಲ್ಲ. ಇಲ್ಲಿ ಅವನು ತಪ್ಪಿತಸ್ಥ ಎಂಬ ತೀರ್ಮಾನವೇ ಇರುವುದಿಲ್ಲ. ಆದರೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಎರಡನೆಯದು ಕಲಂ 39. ಇಲ್ಲಿ ನ್ಯಾಯಾಲಯವು ಆರೋಪಿಯನ್ನು ದೋಷಿ ಎಂದು ತೀರ್ಮಾನಿಸಿದ ನಂತರ, ತಕ್ಷಣ ಸೆರೆವಾಸ ವಿಧಿಸುವ ಬದಲು ಅವನ ಒಪ್ಪಿಗೆಯ ಮೇಲೆ ಚಿಕಿತ್ಸೆಗೆ ಕಳುಹಿಸುತ್ತದೆ. ಚಿಕಿತ್ಸೆಯ ಫಲಿತಾಂಶದ ವರದಿ ನೋಡಿ, ಎಚ್ಚರಿಕೆ ನೀಡಿ, ಮೂರು ವರ್ಷ ಮೀರದ ಅವಧಿಯವರೆಗೆ ಇಂಥ ಅಪರಾಧ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಮನೆಯವರಿಗೆ ಎರಡೂ 'ಆಸ್ಪತ್ರೆಗೆ ಸೇರಿಸಿ ಕೇಸು ಬಿಡಿಸಿದ್ದು' ಎಂದೇ ಕಂಡರೂ, ಕಲಂ 64ಎ ಅಡಿ ಹೊರಬಂದವನು ದೋಷಿಯಲ್ಲ, ಕಲಂ 39ರ ಅಡಿ ಹೊರಬಂದವನು ದೋಷಿ.

ಇವೆರಡಕ್ಕಿಂತಲೂ ಹೆಚ್ಚು ಮೋಸಗೊಳಿಸುವ ಇನ್ನೊಂದು ಕೊನೆಯಿದೆ. ಮೂತ್ರ ಪರೀಕ್ಷೆಯಲ್ಲಿ ಸೇವನೆ ದೃಢಪಟ್ಟ ಹುಡುಗನೊಬ್ಬ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡು, ಕೆಲವು ಸಾವಿರ ರೂಪಾಯಿ ದಂಡ ಕಟ್ಟಿ, ಮಧ್ಯಾಹ್ನದೊಳಗೆ ಮನೆಗೆ ಹೋಗುತ್ತಾನೆ. ಸಂಚಾರ ನಿಯಮ ಮುರಿದದ್ದಕ್ಕೆ ಫೈನ್ ಕಟ್ಟಿದಂತೆ ಅವನಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಅಪರಾಧ ಸಾಬೀತಾಗಿ ಶಿಕ್ಷೆಯಾದ ಪ್ರಕರಣ. ದಂಡವೂ ಶಿಕ್ಷೆಯೇ. ಅಂದು ಬೇಗ ಮುಗಿದರೆ ಸಾಕು ಎಂಬ ಆತುರದಲ್ಲಿ, ಚಿಕಿತ್ಸೆಯ ದಾರಿಯೊಂದಿದೆ ಎಂದು ಯಾರೂ ತಿಳಿಸದೆ, ಸಹಿ ಹಾಕಿ ಬಂದ ಎಷ್ಟೋ ಮಕ್ಕಳಿಗೆ ತಮಗೆ ಶಿಕ್ಷೆಯಾಗಿದೆ ಎಂಬುದೇ ತಿಳಿದಿರುವುದಿಲ್ಲ. ಇದು ನನ್ನನ್ನು ಬಹಳವಾಗಿ ನೋಯಿಸುವ ಸಂಗತಿ.

ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಸಲ್ಲಿಸಿರಬಹುದು, ಹೈಕೋರ್ಟ್ ಪ್ರಕರಣವನ್ನು ರದ್ದು ಮಾಡಿರಬಹುದು, ವಿಚಾರಣೆಯ ನಂತರ ಖುಲಾಸೆಯಾಗಿರಬಹುದು. ಇವುಗಳಲ್ಲಿ ಯಾವುದರಲ್ಲೂ ನೀವು ದೋಷಿಯಲ್ಲ, ಆದರೆ ದಸ್ತಗಿರಿ ಆಗಿದ್ದರೆ ಅದು ಆಗಿದ್ದೇ.

ಕಾಗದಗಳನ್ನು ಕೈಯಲ್ಲಿಟ್ಟುಕೊಳ್ಳಿ

ನೆನಪಿನಿಂದ ನಮೂನೆ ತುಂಬಬೇಡಿ. ಪ್ರಕರಣ ನಡೆದ ನ್ಯಾಯಾಲಯದಲ್ಲಿ ನಕಲು ಅರ್ಜಿ ಸಲ್ಲಿಸಿ, ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಪಡೆಯಿರಿ. ಅದರ ಜೊತೆಗೆ ಎಫ್‌ಐಆರ್, ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿದ್ದರೆ ಅದರ ಪ್ರತಿ ಹಾಗೂ ದಸ್ತಗಿರಿ ಮೆಮೊ (ದಸ್ತಗಿರಿ ಮಾಡಿದಾಗ ಪೊಲೀಸರು ಬರೆಯುವ ದಾಖಲೆ) ಇರಲಿ. ಪ್ರಕರಣದ ಸಂಖ್ಯೆ ಮರೆತಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಅಥವಾ ಎಫ್‌ಐಆರ್ ಸಂಖ್ಯೆಯಿಂದ ಹುಡುಕಬಹುದು. ಅಲ್ಲಿ ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅಂತಿಮ ಆದೇಶದಲ್ಲಿ ಯಾವ ಕಲಂ ಉಲ್ಲೇಖವಾಗಿದೆ ಎಂಬುದನ್ನು ವಕೀಲರೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ವಕೀಲರ ಶುಲ್ಕ ಹೊರೆಯಾಗುವುದಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು; ಕಾನೂನು ನೆರವಿನ ಸಹಾಯವಾಣಿಯ ಸಂಖ್ಯೆ 15100.

ದಸ್ತಗಿರಿ ಮೆಮೊವನ್ನು ವಿಶೇಷವಾಗಿ ಹುಡುಕಲು ಕಾರಣವಿದೆ. ಸಣ್ಣ ಪ್ರಕರಣಗಳಲ್ಲಿ ಕೆಲವೊಮ್ಮೆ ಪೊಲೀಸರು ಠಾಣೆಗೆ ಕರೆದೊಯ್ದು, ಪರೀಕ್ಷೆ ಮಾಡಿಸಿ, ಹಾಜರಾಗಲು ನೋಟಿಸ್ ಕೊಟ್ಟು ಕಳುಹಿಸುತ್ತಾರೆ. ಕೆಲವೊಮ್ಮೆ ದಸ್ತಗಿರಿ ಮಾಡಿ ಜಾಮೀನಿನ ಮೇಲೆ ಬಿಡುತ್ತಾರೆ. ಆ ರಾತ್ರಿ ಠಾಣೆಯಲ್ಲಿ ಕುಳಿತಿದ್ದವನಿಗೆ ಎರಡೂ ಒಂದೇ. ನಮೂನೆಯ ಪ್ರಶ್ನೆಗೆ ಮಾತ್ರ ಒಂದೇ ಅಲ್ಲ.

ಚಿಕಿತ್ಸೆಯ ಕಾಗದಗಳ ವಿಷಯದಲ್ಲಿ ಒಂದು ಎಚ್ಚರಿಕೆ. ನಿಮ್ಹಾನ್ಸ್ ಆಗಲಿ, ಧಾರವಾಡದ ಡಿಮ್ಹಾನ್ಸ್ ಆಗಲಿ, ಜಿಲ್ಲಾ ಆಸ್ಪತ್ರೆಯಾಗಲಿ, ಚಿಕಿತ್ಸೆ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಇಡೀ ಕೇಸ್ ಶೀಟ್ ಅನ್ನು ನೇಮಕಾತಿ ಕಚೇರಿಗೆ ಕೊಡುವ ಅಗತ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯಾನದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳೂ ಸೇರಿವೆ, ಮತ್ತು ಅದೇ ಕಾಯ್ದೆಯ ಕಲಂ 23 ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿಕೊಂಡಿದೆ. ಪ್ರಕರಣವನ್ನು ತಿಳಿಸುವುದೆಂದರೆ ವೈದ್ಯರ ಬಳಿ ಹೇಳಿಕೊಂಡ ಮನೆಯ ಜಗಳ, ಮನಸ್ಸಿನ ಸಂಕಟಗಳನ್ನೆಲ್ಲ ಕಚೇರಿಯ ಕಡತಕ್ಕೆ ಸೇರಿಸುವುದಲ್ಲ.

ಪ್ರಶ್ನೆಯ ಕ್ರಿಯಾಪದವನ್ನು ಓದಿ

ಕೇಂದ್ರ ಸರ್ಕಾರದ ಹುದ್ದೆಗಳಿಗೆ ಬಳಸುವ ದೃಢೀಕರಣ ನಮೂನೆಯಲ್ಲಿ, ಅಂದರೆ ಅಭ್ಯರ್ಥಿಗಳು ಅಟೆಸ್ಟೇಷನ್ ಫಾರಂ ಎಂದು ಕರೆಯುವ ಹಾಳೆಯಲ್ಲಿ, ಪ್ರಶ್ನೆಗಳು ಬಿಡಿಬಿಡಿಯಾಗಿವೆ: ಎಂದಾದರೂ ದಸ್ತಗಿರಿಯಾಗಿದ್ದೀರಾ, ಅಭಿಯೋಜನೆಗೆ ಒಳಗಾಗಿದ್ದೀರಾ, ಬಂಧನದಲ್ಲಿ ಇರಿಸಲಾಗಿತ್ತೇ, ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆಯೇ, ನ್ಯಾಯಾಲಯ ದಂಡ ವಿಧಿಸಿದೆಯೇ, ದೋಷಿ ಎಂದು ತೀರ್ಮಾನಿಸಿದೆಯೇ, ಈ ನಮೂನೆ ತುಂಬುವ ಹೊತ್ತಿಗೆ ಯಾವುದಾದರೂ ಪ್ರಕರಣ ಬಾಕಿ ಇದೆಯೇ. ಪ್ರತಿಯೊಂದೂ ಬೇರೆ ಪ್ರಶ್ನೆ. ಒಂದಕ್ಕೆ 'ಇಲ್ಲ' ಎಂದು ಬರೆದ ಕೈ ಉಳಿದವುಗಳಿಗೂ ಅದನ್ನೇ ಬರೆಯುತ್ತಾ ಹೋಗಬಾರದು.

ಕಲಂ 64ಎ ಅಡಿಯಲ್ಲಿ ಮುಗಿದಿದ್ದರೆ ದೋಷಿ ಎಂಬ ಪ್ರಶ್ನೆಗೂ ದಂಡದ ಪ್ರಶ್ನೆಗೂ 'ಇಲ್ಲ' ಎಂದು ನಿರ್ಭಯವಾಗಿ ಬರೆಯಬಹುದು. ದಸ್ತಗಿರಿ ಆಗಿದ್ದರೆ ಆ ಪ್ರಶ್ನೆಗೆ 'ಹೌದು'. ಅಭಿಯೋಜನೆಯ ಪ್ರಶ್ನೆ ಸ್ವಲ್ಪ ತೊಡಕಿನದು: ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿ, ನ್ಯಾಯಾಲಯ ಸಮನ್ಸ್ ನೀಡಿ, ನಂತರ ರಕ್ಷಣೆ ದೊರೆತಿದ್ದರೆ ಅಭಿಯೋಜನೆ ಆರಂಭವಾಗಿ ನಿಂತಿದೆ ಎಂದೇ ಅರ್ಥ. ಇಂಥಲ್ಲಿ ನನ್ನ ಸಲಹೆ 'ಹೌದು' ಎಂದು ಬರೆದು ಪಕ್ಕದಲ್ಲೇ ವಿವರ ಕೊಡುವುದು. ವಿವರವಿರುವ 'ಹೌದು' ಎಂಬ ಉತ್ತರವನ್ನು ಯಾರೂ ಸುಳ್ಳೆನ್ನಲಾರರು. ಕಲಂ 39ರ ಅಡಿ ಬಿಡುಗಡೆಯಾಗಿದ್ದರೆ ದಸ್ತಗಿರಿಯಾಗಿದ್ದಲ್ಲಿ ಅದಕ್ಕೂ, ಅಭಿಯೋಜನೆಗೂ, ದೋಷಿ ಎಂಬುದಕ್ಕೂ, ಮುಚ್ಚಳಿಕೆಗೂ 'ಹೌದು' ಎಂದೇ ಬರೆಯಬೇಕು. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಅಭಿಯೋಜನೆ, ದೋಷಿ ಮತ್ತು ದಂಡ ಮೂರಕ್ಕೂ 'ಹೌದು'; ದಸ್ತಗಿರಿಯಾಗಿದ್ದಲ್ಲಿ ಅದಕ್ಕೂ.

ಕೇವಲ ನೋಟಿಸ್ ಪಡೆದು, ದಸ್ತಗಿರಿಯಾಗದೆ, ಬಿ ರಿಪೋರ್ಟ್‌ನಲ್ಲಿ ಮುಗಿದ ಪ್ರಕರಣವಿದ್ದು, ನಮೂನೆಯಲ್ಲಿ ಎಫ್‌ಐಆರ್ ದಾಖಲಾಗಿತ್ತೇ ಎಂದು ಎಲ್ಲಿಯೂ ಕೇಳಿರದಿದ್ದರೆ, ಅದನ್ನು ಬರೆಯುವ ಬಾಧ್ಯತೆ ಇಲ್ಲ. ಇದು ಜಾಣತನದ ಮಾತಲ್ಲ. 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ನಮೂನೆಯ ಪ್ರಶ್ನೆಗಳು ಅಸ್ಪಷ್ಟವಾಗಿರದೆ ನಿರ್ದಿಷ್ಟವಾಗಿರಬೇಕೆಂದೂ, ನಿರ್ದಿಷ್ಟವಾಗಿ ಕೇಳಿದ ಮಾಹಿತಿಯನ್ನೇ ಕೊಡಬೇಕೆಂದೂ, ಕೇಳದಿದ್ದ ಸಂಗತಿಯನ್ನು ಮುಚ್ಚಿಟ್ಟರೆಂದು ಕ್ರಮ ಕೈಗೊಳ್ಳುವಂತಿಲ್ಲವೆಂದೂ ಹೇಳಿದೆ. ಕೇಳದ ಸಂಗತಿ ಬೇರೆ ದಾರಿಯಿಂದ ತಿಳಿದುಬಂದರೆ ಅಭ್ಯರ್ಥಿಯ ಅರ್ಹತೆಯನ್ನು ತೂಗುವಾಗ ಅದನ್ನು ವಸ್ತುನಿಷ್ಠವಾಗಿ ಪರಿಗಣಿಸುವ ಅಧಿಕಾರ ಮಾತ್ರ ಪ್ರಾಧಿಕಾರಕ್ಕೆ ಇದ್ದೇ ಇದೆ.

ರಾಜ್ಯ ಸರ್ಕಾರದ, ನಿಗಮಗಳ, ಬ್ಯಾಂಕುಗಳ ನಮೂನೆಗಳಲ್ಲಿ ಪ್ರಶ್ನೆಯ ಪದಗಳು ಬದಲಾಗುತ್ತವೆ. ಆದ್ದರಿಂದ ಗೆಳೆಯನೊಬ್ಬ ಬೇರೆ ಇಲಾಖೆಯ ನಮೂನೆಯಲ್ಲಿ ಏನು ಬರೆದ ಎಂಬುದು ನಿಮಗೆ ದಾರಿದೀಪವಾಗಲಾರದು. ನಮೂನೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದರೆ ಎರಡನ್ನೂ ಓದಿ. ಸೈಬರ್ ಸೆಂಟರಿನವರು ನಿಮ್ಮ ಪರವಾಗಿ ಆನ್‌ಲೈನ್ ಅರ್ಜಿ ತುಂಬುತ್ತಿದ್ದರೆ ಘೋಷಣೆಯ ಪುಟವನ್ನು ನೀವೇ ಓದದೆ 'ಸಬ್ಮಿಟ್' ಒತ್ತಲು ಬಿಡಬೇಡಿ, ಏಕೆಂದರೆ ಅದರ ಹೊಣೆ ನಿಮ್ಮದೇ.

ಬರೆಯುವ ಬಗೆ

ವಿವರಣೆ ಚಿಕ್ಕದಾಗಿರಲಿ, ದಿನಾಂಕ ಮತ್ತು ಸಂಖ್ಯೆಗಳಿರಲಿ, ಸಮರ್ಥನೆ ಬೇಡ. ಕಲಂ 64ಎ ಪ್ರಕರಣಕ್ಕೆ ಹೀಗೆ ಬರೆಯಬಹುದು: 'ಹೌದು. ... ಪೊಲೀಸ್ ಠಾಣೆಯ ಮೊಕದ್ದಮೆ ಸಂಖ್ಯೆ ... ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ ಕಲಂ 27ರ ಅಡಿ ದಿನಾಂಕ ... ರಂದು ನನ್ನನ್ನು ದಸ್ತಗಿರಿ ಮಾಡಿ ಜಾಮೀನಿನ ಮೇಲೆ ಬಿಡುಗಡೆ ಮಾಡಲಾಗಿತ್ತು. ನಾನು ... ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದ್ದರಿಂದ, ಮಾನ್ಯ ... ನ್ಯಾಯಾಲಯವು ದಿನಾಂಕ ... ರ ಆದೇಶದಲ್ಲಿ ಕಲಂ 64ಎ ಅಡಿ ರಕ್ಷಣೆ ನೀಡಿ ಪ್ರಕರಣವನ್ನು ಮುಕ್ತಾಯಗೊಳಿಸಿದೆ. ನಾನು ದೋಷಿ ಎಂದು ತೀರ್ಮಾನವಾಗಿಲ್ಲ. ಆದೇಶದ ದೃಢೀಕೃತ ಪ್ರತಿ ಲಗತ್ತಿಸಿದೆ.' ಜಾಗ ಸಾಲದಿದ್ದರೆ 'ಪ್ರತ್ಯೇಕ ಹಾಳೆ ಲಗತ್ತಿಸಿದೆ' ಎಂದು ಬರೆದು ಆ ಹಾಳೆಗೂ ಸಹಿ ಮಾಡಿ. ಗೆಳೆಯರು ಕೆಡಿಸಿದರು, ಪೊಲೀಸರು ಸುಳ್ಳು ಕೇಸು ಹಾಕಿದರು ಎಂಬ ಮಾತುಗಳು ನಿಜವೇ ಆಗಿದ್ದರೂ ಈ ಹಾಳೆಯಲ್ಲಿ ನಿಮಗೆ ನೆರವಾಗುವುದಿಲ್ಲ. ಸಲ್ಲಿಸಿದ ಎಲ್ಲದರ ನಕಲನ್ನೂ ಸ್ವೀಕೃತಿಯನ್ನೂ ಮನೆಯಲ್ಲಿ ಜೋಪಾನವಾಗಿಡಿ. ಹತ್ತು ವರ್ಷಗಳ ನಂತರ ಬೇಕಾದೀತು.

ನಮೂನೆ ಸಲ್ಲಿಸಿದ ಮೇಲೂ ಕರ್ತವ್ಯ ಮುಗಿಯುವುದಿಲ್ಲ. ಆನಂತರ ದಸ್ತಗಿರಿ, ಅಭಿಯೋಜನೆ, ಖುಲಾಸೆ ಇತ್ಯಾದಿ ಏನೇ ನಡೆದರೂ ತಕ್ಷಣ ತಿಳಿಸಬೇಕು, ಇಲ್ಲವಾದರೆ ಮಾಹಿತಿ ಮುಚ್ಚಿಟ್ಟಂತೆ ಎಂದು ಕೇಂದ್ರದ ನಮೂನೆಯ ತಲೆಬರಹದಲ್ಲೇ ಮುದ್ರಿಸಿದೆ. ಪ್ರಕರಣ ಬಾಕಿ ಇರುವಾಗ ನಮೂನೆ ಕೊಟ್ಟು, ಆಮೇಲೆ ಕಲಂ 64ಎ ಆದೇಶ ಪಡೆದವರು ಆ ಆದೇಶವನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸುವುದು ತಮಗೇ ಒಳ್ಳೆಯದು.

ಹದಿನೆಂಟು ತುಂಬುವ ಮೊದಲು ನಡೆದಿದ್ದರೆ

ಇಲ್ಲಿ ಕಾನೂನು ಬಹಳ ಉದಾರವಾಗಿದೆ, ಮತ್ತು ತಂದೆತಾಯಿಗಳು ಇದನ್ನು ತಿಳಿದಿರಲೇಬೇಕು. 2015ರ ಬಾಲನ್ಯಾಯ ಕಾಯ್ದೆಯ ಕಲಂ 24ರ ಪ್ರಕಾರ ಬಾಲನ್ಯಾಯ ಮಂಡಳಿಯ ಮುಂದೆ ಮುಗಿದ ಪ್ರಕರಣದಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ, ಮತ್ತು ದಾಖಲೆಗಳನ್ನು ಮೇಲ್ಮನವಿಯ ಅವಧಿ ಮುಗಿದ ನಂತರ ನಾಶಪಡಿಸಬೇಕು. ಹದಿನಾರು ದಾಟಿದವರನ್ನು ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯ ದೋಷಿ ಎಂದು ತೀರ್ಮಾನಿಸಿದ್ದರೆ ಮಾತ್ರ ಇದಕ್ಕೆ ಅಪವಾದ. ಕಲಂ 74ರ ಅಡಿ ನಡತೆ ಪ್ರಮಾಣಪತ್ರದ ಸಲುವಾಗಿ ಪೊಲೀಸರು ಮಗುವಿನ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್, ಬಾಲ್ಯದಲ್ಲಿ ದಾಖಲಾದ ಪ್ರಕರಣವನ್ನು ಮುಂದಿಟ್ಟು ಕೇಂದ್ರೀಯ ಪಡೆಯೊಂದರ ಅಭ್ಯರ್ಥಿಗೆ ನೇಮಕ ನಿರಾಕರಿಸಿದ್ದನ್ನು ಒಪ್ಪಲಿಲ್ಲ. ಆದರೂ 'ಎಂದಾದರೂ' ಎಂಬ ಪದವಿರುವ ಪ್ರಶ್ನೆ ಎದುರಾದರೆ ಮಂಡಳಿಯ ಆದೇಶದೊಡನೆ ವಕೀಲರನ್ನು ಕಂಡು, ಕಲಂ 24ನ್ನು ಉಲ್ಲೇಖಿಸಿ ಉತ್ತರ ಸಿದ್ಧಪಡಿಸುವುದು ಕ್ಷೇಮ.

ತಿಳಿಸಿದ ಮೇಲೆ ಏನಾಗುತ್ತದೆ

ಸತ್ಯ ಬರೆದವರಿಗೆಲ್ಲ ನೌಕರಿ ಖಚಿತ ಎಂದು ನಾನು ಹೇಳಲಾರೆ. ಮುಗಿದ ಪ್ರಕರಣವನ್ನು ಅಭ್ಯರ್ಥಿ ಸತ್ಯವಾಗಿ ತಿಳಿಸಿದ್ದರೂ ಅವನ ಪೂರ್ವಾಪರವನ್ನು ಪರಿಗಣಿಸುವ ಹಕ್ಕು ಪ್ರಾಧಿಕಾರಕ್ಕಿದೆ, ನೇಮಿಸಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಅವತಾರ್ ಸಿಂಗ್ ತೀರ್ಪೇ ಹೇಳುತ್ತದೆ. ಪೊಲೀಸ್ ಮತ್ತು ಕೇಂದ್ರೀಯ ಸಶಸ್ತ್ರ ಪಡೆಗಳಲ್ಲಿ ಅಳತೆ ಇನ್ನೂ ಬಿಗಿ. ಆದರೆ ತಿಳಿಸಿದವನ ಮುಂದೆ ಇರುವುದು ಪ್ರಕರಣದ ತೂಕದ ಪ್ರಶ್ನೆ ಮಾತ್ರ. ಎಷ್ಟು ವಯಸ್ಸಾಗಿತ್ತು, ಎಷ್ಟು ವರ್ಷ ಕಳೆದಿದೆ, ಸೇವನೆಯೋ ಮಾರಾಟವೋ, ಚಿಕಿತ್ಸೆ ಪೂರ್ಣವಾಯಿತೇ, ಹುದ್ದೆ ಯಾವುದು ಎಂಬುದರ ಮೇಲೆ ವಾದಿಸಲು ಅವನಿಗೆ ನೆಲೆಯಿದೆ. ಮುಚ್ಚಿಟ್ಟವನು ಆ ನೆಲೆಯನ್ನೇ ಕಳೆದುಕೊಳ್ಳುತ್ತಾನೆ.

ಇದಕ್ಕೆ ರಾಜಸ್ಥಾನದ ವಿದ್ಯುತ್ ಪ್ರಸರಣ ನಿಗಮದ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಅದು ಮಾದಕ ವಸ್ತುವಿನ ಪ್ರಕರಣವಲ್ಲ, ಸಾಮಾನ್ಯ ಹೊಡೆದಾಟದ್ದು. ದೋಷಿ ಎಂದು ತೀರ್ಮಾನವಾದ ಆ ನೌಕರನಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ (ಸೆರೆವಾಸದ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡುವ ಕಾನೂನಿನ) ಲಾಭವೂ, ಕಲಂ 12ರ ಅಡಿ ಅನರ್ಹತೆಯಿಂದ ವಿನಾಯಿತಿಯೂ ದೊರೆತಿತ್ತು. ಆದರೆ ಅವರು ಘೋಷಣೆಯಲ್ಲಿ ಪ್ರಕರಣವನ್ನು ತಿಳಿಸಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ವಜಾವನ್ನು ಎತ್ತಿಹಿಡಿಯಿತು. ಅಪರಾಧ ಸಣ್ಣದೋ ದೊಡ್ಡದೋ ಎಂಬುದಲ್ಲ, ಆರಂಭದಲ್ಲೇ ಸುಳ್ಳು ಹೇಳಿದವರನ್ನು ಉದ್ಯೋಗದಾತ ನಂಬುವುದು ಹೇಗೆ ಎಂಬುದೇ ಪ್ರಶ್ನೆ ಎಂಬುದು ಆ ತೀರ್ಪಿನ ತಿರುಳು. ಎನ್‌ಡಿಪಿಎಸ್ ಕಾಯ್ದೆಯ ಕಲಂ 33ರ ಕಾರಣದಿಂದ ಸೇವನೆಯ ಅಪರಾಧಕ್ಕೂ ಪರಿವೀಕ್ಷಣಾ ಕಾಯ್ದೆಯ ಲಾಭ ಸಿಗಬಹುದಾದ್ದರಿಂದ, ಹಾಗೆ ಬಿಡುಗಡೆಯಾದವರೂ ಇದನ್ನು ಗಮನಿಸಬೇಕು: ಅನರ್ಹತೆ ಹೋದರೂ ತಿಳಿಸುವ ಬಾಧ್ಯತೆ ಹೋಗುವುದಿಲ್ಲ.

ಈಗಾಗಲೇ 'ಇಲ್ಲ' ಎಂದು ಬರೆದಿದ್ದರೆ

ಪೊಲೀಸ್ ವರದಿ ಬರುವ ಮೊದಲೇ ತಿದ್ದುಪಡಿ ಪತ್ರ ಕೊಡಿ. ಯಾವ ಅಂಕಣದಲ್ಲಿ ಏನು ಬರೆದಿದ್ದೆ, ಸರಿಯಾದ ಉತ್ತರ ಏನು, ತಪ್ಪು ಹೇಗಾಯಿತು ಎಂದು ನಾಲ್ಕು ಸಾಲಿನಲ್ಲಿ ಬರೆದು, ಆದೇಶದ ಪ್ರತಿ ಸೇರಿಸಿ ಸ್ವೀಕೃತಿ ಪಡೆಯಿರಿ. ತಾನಾಗಿ ತಿದ್ದಿಕೊಂಡವನಿಗೂ ಸಿಕ್ಕಿಬಿದ್ದವನಿಗೂ ಇರುವ ವ್ಯತ್ಯಾಸ ದೊಡ್ಡದು.

ಕಾರಣ ಕೇಳುವ ನೋಟಿಸ್ ಬಂದಾಗಿದ್ದರೆ ಗಾಬರಿಯಲ್ಲಿ ರಾಜೀನಾಮೆ ಕೊಡಬೇಡಿ, ಮತ್ತೊಂದು ಸುಳ್ಳನ್ನೂ ಹೇಳಬೇಡಿ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಅಥವಾ ಬೇರೆ ಕ್ಷುಲ್ಲಕ ಅಪರಾಧವಾಗಿದ್ದು, ತಿಳಿಸಿದ್ದರೂ ಅನರ್ಹನಾಗುತ್ತಿರಲಿಲ್ಲ ಎನ್ನುವಂಥದ್ದಾದರೆ, ಮುಚ್ಚಿಟ್ಟಿದ್ದನ್ನೂ ಪ್ರಾಧಿಕಾರವು ತನ್ನ ವಿವೇಚನೆಯಂತೆ ಮನ್ನಿಸಬಹುದು ಎಂದು ಅವತಾರ್ ಸಿಂಗ್ ತೀರ್ಪಿನಲ್ಲಿದೆ. ಸಂಗತಿ ಅಭ್ಯರ್ಥಿಗೆ ಗೊತ್ತಿತ್ತು ಎಂಬುದು ಸ್ಥಾಪಿತವಾಗದೆ ಮುಚ್ಚಿಟ್ಟನೆಂದು ಹೇಳುವಂತಿಲ್ಲ. ಸೇವೆಯಲ್ಲಿ ಖಾಯಂ ಆದವರನ್ನು ಇಲಾಖಾ ವಿಚಾರಣೆ ನಡೆಸದೆ ತೆಗೆದುಹಾಕುವಂತಿಲ್ಲ. 2022ರ ಮೇ 2ರಂದು ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಹಿತಿ ಮುಚ್ಚಿಟ್ಟರೆಂಬ ಒಂದೇ ಕಾರಣಕ್ಕೆ ಸಂದರ್ಭವನ್ನು ಪರಿಶೀಲಿಸದೆ ಮನಬಂದಂತೆ ಸೇವೆಯಿಂದ ಬಿಡುಗಡೆ ಮಾಡುವಂತಿಲ್ಲ ಎಂದು ಹೇಳಿದೆ. ನಿಮ್ಮ ಉತ್ತರದಲ್ಲಿ ಈ ತೀರ್ಪುಗಳನ್ನು ವಕೀಲರ ಮೂಲಕ ಉಲ್ಲೇಖಿಸಿ.

ನೇಮಕ ರದ್ದಾದರೆ ರಾಜ್ಯ ಸೇವೆಯ ಹುದ್ದೆಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೂ, ಕೇಂದ್ರದ ನಾಗರಿಕ ಹುದ್ದೆಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೂ, ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳ ಹುದ್ದೆಯಾದರೆ ಹೈಕೋರ್ಟಿಗೂ ಹೋಗಬೇಕಾಗುತ್ತದೆ. ರಾಜ್ಯ ನ್ಯಾಯಮಂಡಳಿಗೆ ಬೆಂಗಳೂರಿನ ಜೊತೆಗೆ ಕಲಬುರಗಿ ಮತ್ತು ಬೆಳಗಾವಿಯಲ್ಲೂ ಪೀಠಗಳಿವೆ. ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಅಂತಿಮ ಆದೇಶದ ದಿನಾಂಕದಿಂದ ಸಾಮಾನ್ಯವಾಗಿ ಒಂದು ವರ್ಷದ ಕಾಲಮಿತಿ ಇರುವುದರಿಂದ, ಆದೇಶ ಕೈಗೆ ಬಂದ ದಿನವೇ ಅದರ ಲಕೋಟೆಯ ಮೇಲೆ ದಿನಾಂಕ ಬರೆದಿಟ್ಟುಕೊಳ್ಳಿ.